ಕಾರಿನ ಗಂಟಲು ಕಟ್ಟಿದಾಗ: ಮನೆಯಲ್ಲೇ ಥ್ರಾಟಲ್ ಬಾಡಿ ಸ್ವಚ್ಛ ಮಾಡಿದ ಕಥೆ

ಪುಣೆಯಿಂದ ಧಾರವಾಡಕ್ಕೆ ಕಾರಿನಲ್ಲಿ ಓಡಾಡುವವರಿಗೆ ಖಂಬಾಟ್ಕಿ ಘಾಟಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಶಿರವಳ ದಾಟಿ ಸ್ವಲ್ಪ ಹೊತ್ತಿಗೆ ಹೆದ್ದಾರಿ ಏರತೊಡಗುತ್ತದೆ. ಲಾರಿಗಳು ಏದುಸಿರು ಬಿಡುತ್ತಾ ಹತ್ತುತ್ತಿರುತ್ತವೆ. ಅದರಲ್ಲೂ ಒಂದು ಲಾರಿ ಕೆಟ್ಟು ನಿಂತಿತೆಂದರೆ ಹಿಂದೆ ಮೈಲುದ್ದದ ಸಾಲು.

ಕಳೆದ ವರ್ಷ ಅಂಥದೇ ಒಂದು ಸಾಲಿನಲ್ಲಿ, ಸಂಜೆ ಏಳರ ಹೊತ್ತಿಗೆ, ನನ್ನ ಕಾರು ನಿಂತುಹೋಯಿತು. ಮುಂದಿನ ಲಾರಿ ನಿಂತಿತೆಂದು ಕ್ಲಚ್ ಒತ್ತಿದೆ, ಎಂಜಿನ್ ಸದ್ದೇ ಇಲ್ಲದೆ ಆರಿಹೋಯಿತು. ಮೊದಲು ಗೊತ್ತಾಗಿದ್ದು ಎ.ಸಿ. ಗಾಳಿ ಬಿಸಿಯಾದಾಗಲೂ ಅಲ್ಲ, ಮೀಟರಿನ ಕೆಂಪು ದೀಪಗಳು ಹೊತ್ತಿದಾಗಲೂ ಅಲ್ಲ, ಸ್ಟಿಯರಿಂಗ್ ಕಲ್ಲಿನಂತಾದಾಗ. ಹಿಂದಿನ ಸೀಟಿನಲ್ಲಿ ಅವ್ವ, ಏಳು ವರ್ಷದ ಮಗಳು. ಹಿಂದೆ ಹದಿನಾಲ್ಕು ಚಕ್ರದ ಲಾರಿ, ಅದರ ಹಾರ್ನ್. ಕಾರು ಹಿಂದಕ್ಕೆ ಜಾರದಂತೆ ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಸ್ಟಾರ್ಟ್ ಮಾಡಿದೆ. ಹತ್ತಿಕೊಂಡಿತು. ಐವತ್ತು ಮೀಟರ್ ಹೋಗಿ ಮತ್ತೆ ಆರಿತು. ಹೀಗೆ ಘಾಟಿ ಮುಗಿಯುವಷ್ಟರಲ್ಲಿ ನಾಲ್ಕು ಸಲ. ಎ.ಸಿ. ಬಂದ್ ಮಾಡಿ, ಒಂದು ಕಾಲಿನಲ್ಲಿ ಆಕ್ಸಿಲರೇಟರನ್ನು ಸದಾ ಸ್ವಲ್ಪ ಒತ್ತಿಹಿಡಿದೇ ಮೇಲೆ ಸೇರಿದೆ.

ಡಾಬಾ ಒಂದರ ಮುಂದೆ ನಿಲ್ಲಿಸಿದಾಗ ನನ್ನ ಅಂಗಿ ಒದ್ದೆಯಾಗಿತ್ತು. ಅವ್ವ ಶಾಂತವಾಗಿ ಹೇಳಿದಳು: “ಗಂಟಲ ಕಟ್ಟೇತಿ ಅದರದು. ಎರಡ ತಿಂಗಳಿಂದ ಕೆಮ್ಮಾಕತ್ತಿತ್ತು. ನೀ ಎಲ್ಲಿ ಕೇಳಸ್ಕೋತಿ?”

ಅವ್ವ ಹೇಳಿದ್ದು ಎಷ್ಟು ಸರಿ ಎಂದು ನನಗೆ ಆಮೇಲೆ ಗೊತ್ತಾಯಿತು. ಥ್ರಾಟಲ್ ಎಂಬ ಪದವೇ ಇಂಗ್ಲಿಷಿನಲ್ಲಿ ಗಂಟಲಿನಿಂದ ಹುಟ್ಟಿದ್ದು. ನಮ್ಮ ಕಾರಿನ ಗಂಟಲಲ್ಲಿ ನಿಜಕ್ಕೂ ಮಸಿ ಕಟ್ಟಿತ್ತು.

ಕೆಮ್ಮು ಕೇಳಿಸಿಕೊಳ್ಳದವನು

ನಮ್ಮದು ಹತ್ತು ವರ್ಷ ಹಳೆಯ, 1.2 ಲೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಓಡಿದ್ದು 78 ಸಾವಿರ ಕಿಲೋಮೀಟರ್. ಅದರಲ್ಲಿ ಬಹುಪಾಲು ವಾಕಡದಿಂದ ಹಿಂಜವಡಿಗೆ, ಹಿಂಜವಡಿಯಿಂದ ವಾಕಡಕ್ಕೆ. ಆ ರಸ್ತೆ ಬಲ್ಲವರಿಗೆ ಗೊತ್ತು, ಅಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.

ಲಕ್ಷಣಗಳು ಇರಲಿಲ್ಲ ಅಂತಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ ಮುಳ್ಳು ಕುಸಿದು ಮತ್ತೆ ಏಳುತ್ತಿತ್ತು. ಸಿಗ್ನಲ್ಲಿನಲ್ಲಿ ಎ.ಸಿ. ಕಂಪ್ರೆಸರ್ ಶುರುವಾದ ಕೂಡಲೇ ಇಡೀ ಕಾರು ನಡುಗುತ್ತಿತ್ತು. ಮೊದಲ ಗೇರಿನಲ್ಲಿ ಮೆಲ್ಲಗೆ ಹೊರಟರೆ ಒಂದು ಜಗ್ಗು. “ಪೆಟ್ರೋಲ್ ಸರಿ ಇಲ್ಲ”, “ಮಳೆಗಾಲದ ತಂಡಿ” ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆ ದಿನ ಊರಿಗೆ ಹೊರಟಿದ್ದಕ್ಕೂ ಒಂದು ಕಾರಣವಿತ್ತು. ಮಗಳನ್ನು ನೋಡಿಕೊಳ್ಳಲು ಅವ್ವ ನಮ್ಮ ಜೊತೆ ಪುಣೆಯಲ್ಲಿದ್ದಾಳೆ. ಅಪ್ಪ ಒಬ್ಬರೇ ಧಾರವಾಡದಲ್ಲಿ. ನಮ್ಮಂಥ ಎಷ್ಟೋ ಮನೆಗಳಲ್ಲಿ ಇದೇ ವ್ಯವಸ್ಥೆ. ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಫೋನಿನಲ್ಲಿ “ಆರಾಮ ಇದ್ದೇನಿ, ಬರೂದೇನ ಬ್ಯಾಡ” ಎಂದಿದ್ದರು. ಅವ್ವ ನಂಬಲಿಲ್ಲ. ರಾತ್ರಿ ಒಂದೂವರೆಗೆ ನಾವು ಮುಟ್ಟಿದಾಗ ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತಿದ್ದರು.

ಪುಣೆಗೆ ವಾಪಸಾದ ಮೇಲೆ ಕಾರನ್ನು ಸರ್ವಿಸ್ ಸೆಂಟರ್ ಒಂದಕ್ಕೆ ಒಯ್ದೆ. ಅರ್ಧ ಗಂಟೆಯಲ್ಲಿ ಕಾಗದ ಕೈಗೆ ಬಂತು: ಥ್ರಾಟಲ್ ಬಾಡಿ ಪೂರ್ತಿ ಬದಲಿಸಬೇಕು, ಕೂಲಿ ಸೇರಿ 21 ಸಾವಿರ ರೂಪಾಯಿ. “ಸ್ವಚ್ಛ ಮಾಡಿದರೆ ಸಾಲದೇ?” ಎಂದೆ. “ಮಾಡಬಹುದು, ಗ್ಯಾರಂಟಿ ಇಲ್ಲ” ಎಂದರು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಬಂದೆ. ಎರಡು ರಾತ್ರಿ ಕೂತು ಓದಿದೆ. ಅಪ್ಪ ಪ್ರತಿ ಭಾನುವಾರ ಅಂಗಳದಲ್ಲಿ ಕೂತು ಹಳೇ ಸ್ಕೂಟರಿನ ಪ್ಲಗ್ಗನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದದ್ದು ನೆನಪಾಯಿತು. ಅವರ ಮಗ ಎಂ.ಟೆಕ್. ಮಾಡಿ ಬಾನೆಟ್ ತೆರೆಯಲು ಹೆದರುತ್ತಿದ್ದ.

ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಹೋಗುವುದಿಲ್ಲ

ನಾನು ಇಷ್ಟು ವರ್ಷ ಆಕ್ಸಿಲರೇಟರ್ ಎಂದರೆ ಪೆಟ್ರೋಲಿನ ನಲ್ಲಿ ಎಂದುಕೊಂಡಿದ್ದೆ. ಅದು ಗಾಳಿಯ ಬಾಗಿಲು. ಏರ್ ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಅಲ್ಯೂಮಿನಿಯಮ್ಮಿನ ಒಂದು ಕೊಳವೆ. ಅಗಲ ಸಣ್ಣ ಕಾರುಗಳಲ್ಲಿ ಸುಮಾರು ಎರಡು ಇಂಚು. ಅದರೊಳಗೆ ನಾಣ್ಯದಂಥ ಒಂದು ತಟ್ಟೆ ನಡುವಿನ ಸರಳಿನ ಮೇಲೆ ತಿರುಗುತ್ತದೆ. ಇದೇ ಥ್ರಾಟಲ್ ಬಾಡಿ. ನಾವು ಕಾಲು ಒತ್ತಿದರೆ ತಟ್ಟೆ ತೆರೆಯುತ್ತದೆ, ಗಾಳಿ ಒಳನುಗ್ಗುತ್ತದೆ. ಎಷ್ಟು ಗಾಳಿ ಬಂತೆಂದು ಸೆನ್ಸರ್‌ಗಳ ಮೂಲಕ ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುವುದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು.

ಗಾಳಿಯ ಪ್ರಮಾಣ ಕೇಳಿದರೆ ಆಶ್ಚರ್ಯವಾಗುತ್ತದೆ. ಶುದ್ಧ ಪೆಟ್ರೋಲ್ ಒಂದು ಗ್ರಾಮ್ ಸರಿಯಾಗಿ ಉರಿಯಲು 14.7 ಗ್ರಾಮ್ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ. ಎಥನಾಲ್ ಬೆರೆತಾಗ ಸ್ವಲ್ಪ ಕಡಿಮೆ. ನನ್ನಂಥ 1.2 ಲೀಟರಿನ ಎಂಜಿನ್ ಸುಮ್ಮನೆ 800 ಆರ್‌ಪಿಎಂನಲ್ಲಿ ನಿಂತಿದ್ದರೂ ನಿಮಿಷಕ್ಕೆ ಅಂದಾಜು 150 ಲೀಟರ್ ಗಾಳಿ ಎಳೆಯುತ್ತದೆ. ಅದೆಲ್ಲ ಹೋಗಬೇಕಾದದ್ದು ತಟ್ಟೆಯ ಅಂಚಿಗೂ ಕೊಳವೆಯ ಗೋಡೆಗೂ ನಡುವಿನ ಕೂದಲೆಳೆಯಂಥ ಸಂದಿಯಲ್ಲಿ. ಏಕೆಂದರೆ ಕಾಲು ಎತ್ತಿದಾಗ ತಟ್ಟೆ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ.

ಕೊಳೆ ಕೂರುವುದು ಸರಿಯಾಗಿ ಅಲ್ಲೇ. ಎಂಜಿನ್ ಕೆಳಭಾಗದಲ್ಲಿ ಎದ್ದ ಎಣ್ಣೆಯ ಆವಿಯನ್ನು ಹೊರಗೆ ಬಿಟ್ಟರೆ ಮಾಲಿನ್ಯ. ಅದಕ್ಕೇ ಅದನ್ನು ಮತ್ತೆ ಎಂಜಿನ್ನಿಗೇ ಎಳೆಸುವ ವ್ಯವಸ್ಥೆ ಇರುತ್ತದೆ. ಆ ಆವಿ, ಫಿಲ್ಟರ್ ತಪ್ಪಿಸಿಕೊಂಡು ಬಂದ ಸಣ್ಣ ಧೂಳು, ಎಂಜಿನ್ ಬಂದ್ ಆದ ಮೇಲೆ ಒಳಗಿನಿಂದ ಏಳುವ ಕಾವು, ಇವೆಲ್ಲ ಸೇರಿ ತಟ್ಟೆಯ ಅಂಚಿನಲ್ಲಿ ಕಾಡಿಗೆಯಂಥ ಪದರ ಕಟ್ಟುತ್ತದೆ. ಹೆದ್ದಾರಿಯಲ್ಲಿ ತಟ್ಟೆ ಅಗಲವಾಗಿ ತೆರೆದಿರುವಾಗ ಈ ಪದರದಿಂದ ಏನೂ ತೊಂದರೆಯಿಲ್ಲ. ಕಾಲು ಎತ್ತಿ, ತಟ್ಟೆ ಮುಚ್ಚಿಕೊಂಡಾಗ ಮಾತ್ರ ಉಸಿರು ಕಟ್ಟುತ್ತದೆ. ನಮ್ಮ ಕಾರು ಘಾಟಿಯ ಏರಿನಲ್ಲಿ ಓಡುವಾಗ ಆರದೆ, ಕ್ಲಚ್ ಒತ್ತಿ ನಿಂತಾಗಲೇ ಆರಿದ್ದು ಇದಕ್ಕೇ.

ಹಾಗಾದರೆ ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ಸಾಫ್ಟ್‌ವೇರಿನವನಾದ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು ಇದರ ಉತ್ತರ. ಸಂದಿ ಕಿರಿದಾದಂತೆ ಇಸಿಯು ತಟ್ಟೆಯನ್ನು ಒಂದಿಷ್ಟು ಹೆಚ್ಚು ತೆರೆಯುತ್ತದೆ, ಹಾಗೆ ತೆರೆದದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ತಿಂಗಳು ಇನ್ನೊಂದಿಷ್ಟು. ದೂರು ಹೇಳುವುದಿಲ್ಲ, ದೀಪ ಹೊತ್ತಿಸುವುದಿಲ್ಲ. ನಮ್ಮ ಸರ್ವರುಗಳಲ್ಲಿ ಒಂದು ಭಾಗ ಸೋತಾಗ ಪ್ರೋಗ್ರಾಂ ತಾನೇ ಮತ್ತೆ ಮತ್ತೆ ಪ್ರಯತ್ನಿಸಿ ಕೆಲಸ ಸಾಗಿಸುತ್ತದಲ್ಲ, ಹಾಗೆ. ಗ್ರಾಹಕನಿಗೆ ಏನೂ ಕಾಣುವುದಿಲ್ಲ. ಹೊಂದಿಸಿಕೊಳ್ಳಲು ಇನ್ನು ಜಾಗವೇ ಉಳಿಯದ ದಿನ ಎಲ್ಲ ಒಟ್ಟಿಗೆ ಕುಸಿಯುತ್ತದೆ. ಆ ದಿನ ಸಾಮಾನ್ಯವಾಗಿ ಖಂಬಾಟ್ಕಿ ಘಾಟಿಯಲ್ಲೇ ಬರುತ್ತದೆ.

ಮೊದಲು ಖಾತ್ರಿ, ಆಮೇಲೆ ಕೈ

ಕಾರು ನಡುಗಿದರೆಲ್ಲ ಥ್ರಾಟಲ್ ಬಾಡಿಯ ತಪ್ಪಲ್ಲ. ಸವೆದ ಸ್ಪಾರ್ಕ್ ಪ್ಲಗ್, ಕೆಟ್ಟ ಇಗ್ನಿಷನ್ ಕಾಯಿಲ್, ತುಂಬಿಹೋದ ಏರ್ ಫಿಲ್ಟರ್, ಸೀಳಿದ ವ್ಯಾಕ್ಯೂಮ್ ಕೊಳವೆ, ಇವೂ ಇದೇ ಥರ ಆಡಿಸುತ್ತವೆ. ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿರುವ ಬೀದರಿನ ಗೆಳೆಯರ ಹತ್ತಿರ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಇತ್ತು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನಲ್ಲಿ ಅಂಕಿಗಳು ಕಾಣುತ್ತವೆ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ನನ್ನ ಥ್ರಾಟಲ್ 18 ಶೇಕಡಾ ತೋರಿಸುತ್ತಿತ್ತು. ಅವರದೂ ಇದೇ ಮಾದರಿಯ, ಹೊಸ ಕಾರು: 13 ಶೇಕಡಾ. ಪ್ಲಗ್ ತೆಗೆದು ನೋಡಿದೆವು, ಚೆನ್ನಾಗಿದ್ದವು. ಏರ್ ಫಿಲ್ಟರ್ ಮಾತ್ರ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಬದಲಿಸಲು ಮರೆತವನು ನಾನೇ.

ನಿಮ್ಮ ಕಾರು ವಾರಂಟಿಯಲ್ಲಿದ್ದರೆ, ಚೆಕ್ ಎಂಜಿನ್ ದೀಪ ಹೊತ್ತಿದ್ದರೆ, ಆಕ್ಸಿಲರೇಟರ್ ಒತ್ತಿದರೂ ವೇಗ ಏರದಂತಾಗಿದ್ದರೆ ಇಲ್ಲಿಗೇ ನಿಲ್ಲಿಸಿ ಬಲ್ಲವರ ಹತ್ತಿರ ಒಯ್ಯಿರಿ. ಅದು ಕೊಳೆಯಲ್ಲ, ಸೆನ್ಸರ್ ಅಥವಾ ಮೋಟಾರಿನ ತೊಂದರೆ ಇರಬಹುದು. ಡೀಸೆಲ್ ಎಂಜಿನ್ನಿನ ಗಾಳಿಯ ಲೆಕ್ಕವೂ ಬೇರೆ. ಈ ಬರಹ ಪೆಟ್ರೋಲ್ ಕಾರಿನವರಿಗೆ.

ಭಾನುವಾರ ಬೆಳಿಗ್ಗೆ, ಪಾರ್ಕಿಂಗಿನಲ್ಲಿ

ಬೇಕಾದ ಸಾಮಾನು ಕಡಿಮೆ: ಥ್ರಾಟಲ್ ಬಾಡಿ ಕ್ಲೀನರ್ ಒಂದು ಡಬ್ಬಿ (ನನಗೆ 380 ರೂಪಾಯಿ ಬಿತ್ತು), ನಾರು ಬಿಡದ ಬಟ್ಟೆ, ಮೆತ್ತನೆಯ ಹಳೇ ಟೂತ್‌ಬ್ರಷ್, ಸ್ಕ್ರೂಡ್ರೈವರ್, 10 ಮಿಲಿಮೀಟರ್ ಸ್ಪ್ಯಾನರ್, ಕೈಗವಸು, ಕಣ್ಣಿಗೆ ಕನ್ನಡಕ. ಕಾರ್ಬ್ಯುರೇಟರ್ ಕ್ಲೀನರ್ ಬೇರೆ, ಇದು ಬೇರೆ. ಕೆಲವು ಥ್ರಾಟಲ್ ಬಾಡಿಗಳ ಒಳಗೆ ತೆಳುವಾದ ಲೇಪನವಿರುತ್ತದೆ. ತೀಕ್ಷ್ಣ ದ್ರಾವಕ ಅದನ್ನು ತಿಂದುಹಾಕುತ್ತದೆ. ಮರಳುಕಾಗದವಂತೂ ಬೇಡವೇ ಬೇಡ. ಅಪ್ಪನ ಪ್ಲಗ್ ವಿದ್ಯೆ ಇಲ್ಲಿ ನಡೆಯುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಗಾಳಿಯಾಡುವ ಜಾಗ ಬೇಕು. ಹತ್ತಿರ ಬೀಡಿ, ಸಿಗರೇಟು ಇರಬಾರದು, ಏಕೆಂದರೆ ಈ ದ್ರಾವಕ ಥಟ್ಟನೆ ಬೆಂಕಿ ಹಿಡಿಯುತ್ತದೆ. ನಾನು ನೆಲಮಾಳಿಗೆಯ ಪಾರ್ಕಿಂಗ್ ಬಿಟ್ಟು ಗೇಟಿನ ಪಕ್ಕ ಬಯಲಿನಲ್ಲಿ ನಿಲ್ಲಿಸಿಕೊಂಡೆ. ವಾಚ್‌ಮನ್ ಕಾಕಾ ಬಂದು ಇಲ್ಲಿ ಗಾಡಿ ತೊಳೆಯುವಂತಿಲ್ಲ ಎಂದರು. ಹೊರಗೆ ತೊಳೆಯುತ್ತಿಲ್ಲ, ಒಳಗೆ ತೊಳೆಯುತ್ತಿದ್ದೇನೆ ಎಂದು ಒಪ್ಪಿಸಬೇಕಾಯಿತು.

ಮೊದಲಿಗೆ ಎಲ್ಲ ಕೋನಗಳಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ವಾಪಸ್ ಜೋಡಿಸುವಾಗ ಇದೇ ನಮ್ಮ ನಕಾಶೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದೆ. ಏರ್ ಫಿಲ್ಟರ್ ಕಡೆಯಿಂದ ಬರುವ ರಬ್ಬರ್ ಕೊಳವೆಯ ಕ್ಲಾಂಪ್ ಸಡಿಲಿಸಿ, ಅದರ ಮೇಲಿನ ಸೆನ್ಸರಿನ ತಂತಿ ಬಿಚ್ಚದೆಯೇ ಕೊಳವೆಯನ್ನು ಪಕ್ಕಕ್ಕೆ ಸರಿಸಿದೆ. ಟಾರ್ಚ್ ಬಿಟ್ಟು ನೋಡಿದರೆ ತಟ್ಟೆಯ ಸುತ್ತ ಕಪ್ಪನೆಯ ಉಂಗುರ. ಹೋಳಿಗೆ ಬೇಯಿಸಿದ ಹಂಚಿನ ಅಂಚು ಹೇಗಿರುತ್ತದೋ ಹಾಗೆ.

ಥ್ರಾಟಲ್ ಬಾಡಿಯನ್ನೇ ಬಿಚ್ಚಿ ಹೊರಗೆ ತೆಗೆಯುವವರೂ ಇದ್ದಾರೆ. ನಾನು ತೆಗೆಯಲಿಲ್ಲ. ತೆಗೆದರೆ ಹೊಸ ಗ್ಯಾಸ್ಕೆಟ್ ಹಾಕಬೇಕು. ಕೆಲವು ಕಾರುಗಳಲ್ಲಿ ಅದಕ್ಕೆ ಕೂಲೆಂಟ್ ಕೊಳವೆಗಳೂ ಸೇರಿರುತ್ತವೆ. ಮೊದಲ ಸಲದವರಿಗೆ ಅಷ್ಟು ಸಾಹಸ ಬೇಡ.

ಮುಖ್ಯ ನಿಯಮ ಒಂದೇ: ಸ್ಪ್ರೇ ಬಟ್ಟೆಗೆ, ಬಟ್ಟೆ ಲೋಹಕ್ಕೆ. ನೇರವಾಗಿ ಒಳಗೆ ಸುರಿದರೆ ದ್ರಾವಕ ಸರಳಿನ ಬೇರಿಂಗಿಗೂ ಪಕ್ಕದ ಮೋಟಾರು, ಸೆನ್ಸರಿಗೂ ಇಳಿಯಬಹುದು. ಬಟ್ಟೆಗೆ ಹಾಕಿ ತಟ್ಟೆಯ ಮುಖ, ಕೊಳವೆಯ ಗೋಡೆ ಒರೆಸಿದೆ. ಆರು ತುಂಡು ಬಟ್ಟೆ ಕಪ್ಪಾದವು.

ಅಂಚು ಮತ್ತು ಹಿಂಬದಿಗೆ ತಟ್ಟೆ ತೆರೆಯಲೇಬೇಕು. ಹಳೆಯ ಕೇಬಲ್ ಮಾದರಿಯಾದರೆ ಕೇಬಲ್ ಎಳೆದರೆ ಸಾಕು. ಈಗಿನ ಕಾರುಗಳಲ್ಲಿ ತಟ್ಟೆಯನ್ನು ತಿರುಗಿಸುವುದು ಸಣ್ಣ ಮೋಟಾರು. ಬೆರಳಿನಿಂದ ಬಲವಾಗಿ ನೂಕಿದರೆ ಒಳಗಿನ ಪುಟ್ಟ ಗೇರುಗಳು ಮುರಿಯಬಹುದು. ಆಗ 21 ಸಾವಿರದ ಕಾಗದವೇ ಗತಿ. ಹಾಗಾಗಿ ಹದಿನೈದು ನಿಮಿಷ ಬಿಟ್ಟು, ಆವಿಯೆಲ್ಲ ಆರಿದ ಮೇಲೆ, ಬ್ಯಾಟರಿ ಮತ್ತೆ ಜೋಡಿಸಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ಹಿಡಿದಳು, ತಟ್ಟೆ ತೆರೆಯಿತು. ಬಟ್ಟೆ ಸುತ್ತಿದ ಬ್ರಷ್ಷಿನ ಹಿಡಿಯಿಂದ ಅಂಚು ಒರೆಸಿದೆ. ಬೆರಳು ಒಳಗೆ ಹಾಕಲಿಲ್ಲ, ನೀವೂ ಹಾಕಬೇಡಿ. ಆಕೆಯ ಕಾಲು ಜಾರಿದರೆ ತಟ್ಟೆ ಇಲಿಬೋನಿನ ಹಾಗೆ ಮುಚ್ಚುತ್ತದೆ. ನಿಮ್ಮ ಕಾರಿನ ಕೈಪಿಡಿ ಬೇರೆ ವಿಧಾನ ಹೇಳಿದ್ದರೆ ಅದನ್ನೇ ಪಾಲಿಸಿ.

ಇಗ್ನಿಷನ್ ಆಫ್ ಮಾಡಿ ಕೊಳವೆ ಜೋಡಿಸಿದೆ, ಕ್ಲಾಂಪ್ ಬಿಗಿಮಾಡಿದೆ, ಹೊಸ ಏರ್ ಫಿಲ್ಟರ್ ಹಾಕಿದೆ. ಎಲ್ಲ ಸೇರಿ ಒಂದೂವರೆ ಗಂಟೆ. ಹೆಮ್ಮೆಯಿಂದ ಸ್ಟಾರ್ಟ್ ಮಾಡಿದೆ.

ಕೊಳೆ ಹೋಯಿತು, ನೆನಪು ಹೋಗಲಿಲ್ಲ

ಎಂಜಿನ್ ಕೂಗಿಕೊಂಡಿತು. 800 ಇರಬೇಕಾದ ಆರ್‌ಪಿಎಂ 1,700. ಎರಡು ನಿಮಿಷ, ಐದು ನಿಮಿಷ ಕಾದರೂ ಇಳಿಯಲಿಲ್ಲ. ಇಷ್ಟು ದಿನ ಇಲ್ಲದ ಚೆಕ್ ಎಂಜಿನ್ ದೀಪ ಹಳದಿಯಾಗಿ ಹೊತ್ತಿಕೊಂಡಿತು. ಹೆಂಡತಿ ಏನೂ ಹೇಳದೆ ನನ್ನ ಮುಖ ನೋಡಿದಳು. ಮಗಳು ಮಾತ್ರ “ಪಪ್ಪಾ ಕಾರ್ ಕೆಡಿಸಿದ” ಎಂದು ಇಡೀ ವಿಂಗಿಗೆ ಸಾರಿದಳು.

ಸ್ಕ್ಯಾನರ್ ಪಿ0507 ಎಂದಿತು. ಅರ್ಥ, ಐಡಲ್ ವೇಗ ನಿರೀಕ್ಷೆಗಿಂತ ಹೆಚ್ಚು. ಸ್ವಲ್ಪ ಯೋಚಿಸಿದಾಗ ಹೊಳೆಯಿತು. ಕೊಳೆ ತೆಗೆದದ್ದು ನಾನು. ಇಸಿಯುಗೆ ಯಾರೂ ಹೇಳಿಲ್ಲ. ಅದು ಇನ್ನೂ ಕೊಳೆಯ ಕಾಲದ ಲೆಕ್ಕದಲ್ಲೇ ತಟ್ಟೆಯನ್ನು ಹೆಚ್ಚು ತೆರೆಯುತ್ತಿದೆ. ಈಗ ಸಂದಿ ಸ್ವಚ್ಛ, ಹಾಗಾಗಿ ಗಾಳಿ ನುಗ್ಗುತ್ತಿದೆ. ಬ್ಯಾಟರಿ ಕಳಚಿದರೆ ಕೆಲವು ಕಾರುಗಳಲ್ಲಿ ಈ ನೆನಪು ಅಳಿಯುತ್ತದೆ, ಕೆಲವದರಲ್ಲಿ ಅಳಿಯುವುದಿಲ್ಲ. ನನ್ನದರಲ್ಲಿ ಅಳಿದಿರಲಿಲ್ಲ.

ಇದಕ್ಕೆ ಮದ್ದು ಮತ್ತೆ ಕಲಿಸುವುದು. ಪ್ರತಿ ಕಂಪನಿಯ ಕ್ರಮ ಬೇರೆ. ಕೆಲವಕ್ಕೆ ಗ್ಯಾರೇಜಿನ ಸ್ಕ್ಯಾನರೇ ಬೇಕು. ನನ್ನ ಕಾರಿನದು ಸರಳ: ಕೋಡ್ ಅಳಿಸಿ, ಇಗ್ನಿಷನ್ ಮೂವತ್ತು ಸೆಕೆಂಡು ಆನ್ ಇಟ್ಟು ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎ.ಸಿ., ದೀಪ, ಫ್ಯಾನ್ ಎಲ್ಲ ಬಂದ್ ಇಟ್ಟು ಹತ್ತು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಬಿಡುವುದು. ಆಮೇಲೆ ಎ.ಸಿ. ಹಾಕಿ ಇನ್ನೂ ಹತ್ತು ನಿಮಿಷ. ಮೊದಲ ಸಲ ಆಗಲಿಲ್ಲ. ನೋಡಿದರೆ ಫ್ಯಾನ್ ಎರಡರಲ್ಲಿ ತಿರುಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮಗಳಿಗೆ ಸೆಖೆಯಾಗಿತ್ತಂತೆ. ಎರಡನೇ ಸಲ, ಏಳನೇ ನಿಮಿಷದ ಹೊತ್ತಿಗೆ ಮುಳ್ಳು ಮೆಲ್ಲಗೆ ಇಳಿಯತೊಡಗಿತು. 1,400. 1,100. ಕೊನೆಗೆ 800ರ ಹತ್ತಿರ ಬಂದು ನಿಂತಿತು. ಎ.ಸಿ. ಹಾಕಿದರೂ ನಡುಗಲಿಲ್ಲ. ಮೊಬೈಲಿನಲ್ಲಿ ಥ್ರಾಟಲ್ 13 ಶೇಕಡಾ.

ಮೈಲೇಜ್ ಏರಿತೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ, ಹೇಳುವಂಥ ವ್ಯತ್ಯಾಸ ನನಗೆ ಕಂಡಿಲ್ಲ. ಎಳೆತವೂ ಹೆಚ್ಚಿಲ್ಲ; ತಟ್ಟೆ ಪೂರ್ತಿ ತೆರೆದಾಗ ಆ ತೆಳು ಪದರ ಇದ್ದರೂ ಅಷ್ಟೆ, ಹೋದರೂ ಅಷ್ಟೆ. ಡಬ್ಬಿಯ ಮೇಲೆ ಬರೆದಿರುವ ಆಶ್ವಾಸನೆಗಳನ್ನು ನಂಬಿ ಇದನ್ನು ಮಾಡಬೇಡಿ. ಸಿಕ್ಕಿದ್ದು ಒಂದೇ: ಕಾರು ನಿಂತಲ್ಲಿ ಆರುವುದಿಲ್ಲ. ಹಿಂದೆ ಲಾರಿ ಇರುವಾಗ ಅದು ಸಣ್ಣ ವಿಷಯವಲ್ಲ.

ಪ್ರತಿ ಸರ್ವಿಸಿನಲ್ಲೂ ಇದನ್ನು ಮಾಡಿಸುವ ಅಗತ್ಯವೂ ಇಲ್ಲ. ಏರ್ ಫಿಲ್ಟರ್ ಸಮಯಕ್ಕೆ ಬದಲಿಸಿ, ಆಗ ಒಮ್ಮೆ ಟಾರ್ಚ್ ಬಿಟ್ಟು ಇಣುಕಿ. ಕಪ್ಪು ಉಂಗುರ ಕಂಡು, ಐಡಲ್ ಕುಸಿಯುತ್ತಿದ್ದರೆ ಮಾತ್ರ ಕೈ ಹಾಕಿ.

ದೀಪಾವಳಿಗೆ ಮತ್ತೆ ಊರಿಗೆ ಹೋದೆವು. ಘಾಟಿಯಲ್ಲಿ ಮತ್ತೆ ಸಾಲು, ಮತ್ತೆ ಲಾರಿಗಳು, ಎ.ಸಿ. ಆನ್. ಕ್ಲಚ್ ಒತ್ತಿದಾಗಲೆಲ್ಲ ನನ್ನ ಕಣ್ಣು ಮುಳ್ಳಿನ ಮೇಲೆ. ಅದು ಕದಲಲಿಲ್ಲ. ಹಿಂದಿನಿಂದ ಅವ್ವ, “ಈಗ ಉಸಿರ ಚಲೋ ಆಡಾಕತ್ತೇತಿ” ಎಂದು ಹೇಳಿ ನಿದ್ದೆಹೋದಳು.

ಈಗ ತಿಂಗಳಿಗೊಮ್ಮೆ ಸ್ಕ್ಯಾನರ್ ಚುಚ್ಚಿ ಆ ಶೇಕಡಾ ಅಂಕಿಯನ್ನು ಬರೆದಿಡುತ್ತೇನೆ. ತಾನಾಗಿ ಹೊಂದಿಸಿಕೊಂಡು ಹೋಗುವವರ ವಿಷಯದಲ್ಲಿ ಅಂಕಿ ಕೇಳುವುದೇ ಒಳ್ಳೆಯದು ಎಂಬ ಪಾಠ ಅದರಿಂದ ಆಯಿತು. ಅಪ್ಪನಿಗೂ ಒಂದು ಬಿ.ಪಿ. ಯಂತ್ರ ತಂದುಕೊಟ್ಟಿದ್ದೇನೆ. ಭಾನುವಾರ ಫೋನ್ ಮಾಡಿದಾಗ “ಆರಾಮ ಇದ್ದೀರೇನು?” ಎಂದು ಕೇಳುವುದಿಲ್ಲ. “ಇವತ್ತ ಎಷ್ಟ ಬಂತು?” ಎಂದು ಕೇಳುತ್ತೇನೆ.